ಬಾಗಿಲು ಹಾಕಿಕೊಂಡು ನಡೆದ ರತ್ನಮ್ಮ

ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ನಾನು. ನಿಡುಗಲ್ಲಿನ ರತ್ನಮ್ಮ ಟ್ರ್ಯಾಕ್ಟರ್‌ನಿಂದ ಬಿದ್ದು ಸೊಂಟ ಮುರಿದುಕೊಂಡವರು. ಅಂಗವಿಕಲರ ಮಾಸಾಶನದ ಅರ್ಜಿ ಮೊದಲು ತಿರಸ್ಕಾರವಾಗಿ, ಮೇಲ್ಮನವಿಯಲ್ಲಿ ಗೆದ್ದರೆಂದು ಕೇಳಿ ಖುಷಿಯಿಂದಲೇ ಹೋದೆ.

ಹಿಂದಿನ ಸಲ ವಾಕರ್ ಹಿಡಿದು ಅಂಗಳದವರೆಗೆ ಬಂದಿದ್ದವರು ಈಗ ಮಂಚ ಬಿಟ್ಟು ಏಳಲೊಲ್ಲರು. ಕಾಲು ಬಿಗಿದುಕೊಂಡಿತ್ತು.

"ಇಷ್ಟು ದಿನ ನಡೀಲೇ ಇಲ್ವಾ?" ಅಂದೆ.

"ಹೆಂಗೆ ನಡೀಲಿ ಮೇಡಂ? ನಡೆಯೋಕಾಗಲ್ಲ ಅಂತ ತಾನೆ ಕೊಟ್ಟಿರೋದು? ಯಾರಾದ್ರೂ ನೋಡಿ ಹೇಳ್ಬುಟ್ರೆ ನಿಲ್ಲಿಸ್ಬುಡ್ತಾರೆ."

"ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದ್ರೆ ಯಾರೂ ನಿಲ್ಲಿಸಲ್ಲ."

"ಅಂಗಂತ ನೀವು ಬರ್ಕೊಡ್ತೀರಾ?"

ನಾನು ಮೂಲೆಯಲ್ಲಿದ್ದ ವಾಕರ್ ತಂದು ಮಂಚದ ಪಕ್ಕ ನಿಲ್ಲಿಸಿದೆ. ಕಡೆಗೆ ಅವರೇ, "ಬಾಗ್ಲು ಹಾಕ್ಬುಡಿ," ಅಂದರು.

ಬಾಗಿಲು ಹಾಕಿ, ಕಿಟಕಿಗೆ ಹಳೆ ಸೀರೆ ಅಡ್ಡ ಕಟ್ಟಿ ಎಬ್ಬಿಸಿದೆ. ಹಲ್ಲು ಕಚ್ಚಿಕೊಂಡು ಎದುರಿನ ಗೋಡೆಯತ್ತ ಹೊರಟರು. ಅರ್ಧಕ್ಕೆ ಬಂದಿದ್ದರೇನೋ, ಪಕ್ಕದ ಮನೆಯಾಕೆ ಹೊರಗಿನಿಂದ, "ರತ್ನಕ್ಕಾ, ಹೆಪ್ಪಿಗೆ ಒಂಚೂರು ಮಜ್ಜಿಗೆ ಐತಾ?" ಎಂದು ಕೂಗಿದಳು. ರತ್ನಮ್ಮ ತಟಕ್ಕನೆ ನೆಲಕ್ಕೆ ಕೂತುಬಿಟ್ಟರು. ನೋವಿಗೆ ಕಣ್ಣಲ್ಲಿ ನೀರು ಬಂತು. "ಇಲ್ಲ ಕಣಮ್ಮ," ಎಂದು ಕೂತಲ್ಲಿಂದಲೇ ಹೇಳಿದರು.

ಆಕೆಯ ಚಪ್ಪಲಿ ಸದ್ದು ದೂರವಾದ ಮೇಲೆ ಮತ್ತೆ ಎಬ್ಬಿಸಿದೆ. ಈ ಸಲ ಗೋಡೆ ಮುಟ್ಟಿದರು. ಮುಟ್ಟಿ, ನನ್ನ ಕಡೆ ತಿರುಗಿ ಸಣ್ಣಗೆ ನಕ್ಕರು.

ರೋಗಿಗಳು ಗುರಿ ಮುಟ್ಟಿದಾಗ ಚಪ್ಪಾಳೆ ತಟ್ಟುವುದು ನನ್ನ ಅಭ್ಯಾಸ. ಎತ್ತಿದ ಕೈಗಳನ್ನು ಹಾಗೇ ಇಳಿಸಿದೆ. ಬೀದಿಗೆ ಕೇಳಿಸಿದರೆ ಯಾತಕ್ಕೆ ಚಪ್ಪಾಳೆ ಅಂತ ಯಾರಾದರೂ ಕೇಳಿಯೇ ಕೇಳುತ್ತಿದ್ದರು.