ಗ್ಯಾಂಗ್‌ಮನ್ ಕಾಕಾ ಮತ್ತು ಹಳ್ಳದ ಸುತ್ತು

ಹೋದ ವಾರ, ಹೊಸದಾಗಿ ಕೆಲಸಕ್ಕೆ ಸೇರಿದ ಬಸ್ ಕಂಡಕ್ಟರ್ ಹುಡುಗಿಯೊಬ್ಬಳು ಖಾಕಿ ಅಂಗಿಯ ತೋಳು ಸಣ್ಣ ಮಾಡಿಸಲು ನನ್ನ ಅಂಗಡಿಗೆ ಬಂದಿದ್ದಳು. ಹೊಲಿಗೆ ಬಿಚ್ಚುವ ಮೊದಲು ತುಸು ನೀರು ಚಿಮುಕಿಸಿ ಇಸ್ತ್ರಿ ಒತ್ತಿದೆ. ಒದ್ದೆ ಖಾಕಿ ಬಿಸಿಯಾದಾಗ ಒಂದು ಒಗರು ವಾಸನೆ ಏಳುತ್ತದೆ. ಅದು ಮೂಗಿಗೆ ಬಡಿದದ್ದೇ ನಾನು ಇಸ್ತ್ರಿಯನ್ನು ಪಕ್ಕಕ್ಕಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ. ಬೆಳಗಿನ ಮಂಜಿನಲ್ಲಿ ತೊಯ್ದು, ಬಿಸಿಲೇರಿದ ಮೇಲೆ ಮೈಮೇಲೆಯೇ ಒಣಗುತ್ತಿದ್ದ ಒಂದು ಹಳೆಯ ಖಾಕಿ ಅಂಗಿ ನೆನಪಾಯಿತು... ಅದನ್ನು ತೊಡುತ್ತಿದ್ದವರನ್ನು ನಮ್ಮ ಓಣಿಯವರೆಲ್ಲ ಗ್ಯಾಂಗ್‌ಮನ್ ಕಾಕಾ ಎನ್ನುತ್ತಿದ್ದರು.

ನಾನು ಮಸ್ಕಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಎಂಟೊಂಬತ್ತು ವರ್ಷಗಳ ಹಿಂದೆ, ಸುಗ್ಗಿಯ ಕಾಲದಲ್ಲಿ, ಲಿಂಗಸುಗೂರಿನಿಂದ ಗುಂಡಿ, ಲೈನಿಂಗ್ ಬಟ್ಟೆ ತರುತ್ತಿದ್ದಾಗ ರಸ್ತೆಯ ಮೇಲೆ ಒಣಹಾಕಿದ್ದ ಭತ್ತದಲ್ಲಿ ನನ್ನ ಸ್ಕೂಟಿ ಜಾರಿತು. ಬಲಗಾಲಿನ ಎಲುಬು ಎರಡು ಕಡೆ ಮುರಿಯಿತು. ರಾಡು ಹಾಕಿ, ಮೂರು ತಿಂಗಳು ಮಲಗಿಸಿ, ಆಮೇಲೆ ಡಾಕ್ಟರು ದಿನಾ ನಡೆಯಲು ಹೇಳಿದರು. ನಡೆಯದಿದ್ದರೆ ಪಾದ ಹಾಗೆಯೇ ಬಿಗಿದು ನಿಲ್ಲುತ್ತದೆ ಎಂದರು. ನನ್ನದು ಕಾಲಿನಿಂದ ತುಳಿಯುವ ಮಷೀನು. ಪಾದ ಬಿಗಿದರೆ ಹೊಲಿಗೆಯೂ ಅಲ್ಲಿಗೇ ನಿಂತಂತೆ. ಅದು ಗೊತ್ತಿದ್ದೂ ನಾನು ಏಳಲಿಲ್ಲ. ಯಜಮಾನರು ಬೆಳಗಿನ ಬಸ್ಸಿಗೆ ಸಿಂಧನೂರಿನ ಅಕ್ಕಿ ಗಿರಣಿಗೆ ಹೋಗುವವರು, ಮಗಳು ಶಾಲೆಗೆ. ಇಡೀ ದಿನ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ. ನೋವಿಗಿಂತ ಹೆಚ್ಚಾಗಿ ಒಂಥರಾ ಸಾಕಾಗಿಹೋಗಿತ್ತು.

ಕಾಕಾ ನಮ್ಮ ಓಣಿಯ ಕೊನೆಯಲ್ಲಿ, ಹಳ್ಳಕ್ಕೆ ಇಳಿಯುವ ದಾರಿಯ ಬಾಡಿಗೆ ಮನೆಯಲ್ಲಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳನ್ನು ಹೊಳೆಯ ದಂಡೆಯ ಊರು ಮುಕ್ಕುಂದಕ್ಕೆ ಕೊಟ್ಟಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಮೂವತ್ತು ವರ್ಷ ಗ್ಯಾಂಗ್‌ಮನ್ ಆಗಿ, ದಂಡೆ ಉದ್ದಕ್ಕೂ ನಡೆದು ನೀರು ಕಾಯ್ದವರು. ನಿವೃತ್ತಿಯಾದ ಮೇಲೂ ಅದೇ ಖಾಕಿ ಅಂಗಿ ಹಾಕಿಕೊಂಡು ದಿನಾ ಬೆಳಿಗ್ಗೆ ಹಳ್ಳದ ಸುತ್ತು ಹೋಗುತ್ತಿದ್ದರು. ಈ ದಂಡೆ ಹಿಡಿದು ಸೇತುವೆಯ ತನಕ, ಸೇತುವೆ ದಾಟಿ ಗುಡ್ಡದ ಬುಡದ ಕಾಲುದಾರಿಯಲ್ಲಿ ಹಿಂದಕ್ಕೆ, ಚೆಕ್‌ಡ್ಯಾಮಿನ ಮೇಲಿಂದ ಮತ್ತೆ ಈಚೆಗೆ. ಏರಿಲ್ಲ, ಇಳಿಜಾರಿಲ್ಲ. ಗಟ್ಟಿ ಕಾಲಿದ್ದವರಿಗೆ ಮುಕ್ಕಾಲು ತಾಸಿನ ದಾರಿ.

ಒಂದು ಬೆಳಿಗ್ಗೆ ಅವರು ನಮ್ಮ ಬಾಗಿಲಲ್ಲಿ ನಿಂತರು.

"ಏಳವಾ, ಹಳ್ಳದ ತನಕ ಹೋಗಿ ಬರೂಣು."

"ಆಗೂದಿಲ್ಲ ಕಾಕಾ. ನೀವು ಹೋಗ್ರಿ."

ಹೋದರು. ಮರುದಿನ ಮತ್ತೆ ಬಂದರು. ಹೀಗೇ ಒಂಬತ್ತು ದಿನ. ಹತ್ತನೆಯ ದಿನ ನನಗೆ ಸಿಟ್ಟು ನೆತ್ತಿಗೇರಿತು. ಮರ್ಯಾದೆ ಬಿಟ್ಟು, "ನಿನಗ ಬ್ಯಾರೆ ಕೆಲಸ ಇಲ್ಲೇನು? ನನ್ನ ಕಾಲು, ನಾ ಏನರ ಮಾಡಿಕೋತೀನಿ" ಎಂದುಬಿಟ್ಟೆ. ಅವರ ಮುಖ ಬಾಡಲಿಲ್ಲ. "ಕೆಲಸ ಇಲ್ಲಂತನ ಬಂದೀನವಾ" ಎಂದು ಕಟ್ಟೆಯ ಮೇಲೆ ಕೂತರು. ನಾನು ವಾಕರ್ ಹಿಡಿದು ಎದ್ದೆ.

ಮೊದಲ ದಿನ ಹಳ್ಳದ ಬಾಯಿಗಿರುವ ಜಾಲಿ ಗಿಡದ ತನಕ ಹೋದೆವು. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂದಿತ್ತು. ಮರುದಿನ ಎರಡನೆಯ ಜಾಲಿ. ನನಗೆ ಹುರುಪು ಬಂದು ಇನ್ನೂ ಮುಂದೆ ಹೋಗುತ್ತೇನೆಂದರೆ ಅವರೇ ಬಿಡುತ್ತಿರಲಿಲ್ಲ.

"ಕಾಲುವಿ ಗೇಟು ಒಮ್ಮಿಗೇ ಎತ್ತಬಾರದವಾ. ಇಂಚಿಂಚ ಎತ್ತಬೇಕು. ಇಲ್ಲಂದ್ರ ದಂಡಿ ಒಡದು ಹೊಲ ಎಲ್ಲಾ ಹಾಳಾಕ್ಕಾವ."

ದಾರಿಯಲ್ಲಿ ಹೆಚ್ಚು ಮಾತಿರಲಿಲ್ಲ. ಬಟ್ಟೆ ಒಗೆಯುವ ಹೆಂಗಸರು, ನೀರಲ್ಲಿ ಎತ್ತರಕ್ಕೆ ಬೆಳೆದ ಆಪಿನ ಹುಲ್ಲಿನೊಳಗೆ ಮುಳುಗಿದ ಎಮ್ಮೆಗಳು, ಊರಿನ ಕಸ ಬಂದು ಬೀಳುವ ಜಾಗ... ಅಲ್ಲಿ ಬಂದಾಗ ಇಬ್ಬರೂ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಕಾಲು ಸೋತಾಗ ನಾನು ಕೂರುತ್ತಿದ್ದೆ, ಅವರು ನಿಂತಿರುತ್ತಿದ್ದರು. ಒಮ್ಮೆ ಸೇತುವೆಯ ನಡುವೆ ನಿಂತು, ಇನ್ನು ಮಷೀನು ಮಾರಿಬಿಡುತ್ತೇನೆ, ಸಾಕಾಗಿದೆ ಎಂದು ಅತ್ತೆ. ಕಾಕಾ ನೀರನ್ನೇ ನೋಡುತ್ತ, "ಮಾರು. ಆದರ ಕಾಲು ಬಂದ ಮ್ಯಾಲ ಮಾರು" ಎಂದರು.

ನಾಲ್ಕೂವರೆ ತಿಂಗಳಿಗೆ ಸುತ್ತು ಪೂರ್ತಿಯಾಯಿತು. ಆವತ್ತು ಚೆಕ್‌ಡ್ಯಾಮಿನ ಮೇಲೆ ವಾಕರ್ ಇಲ್ಲದೆ, ಅವರ ತೋಳನ್ನೂ ಹಿಡಿಯದೆ ದಾಟಿದೆ. ಮನೆಗೆ ಬಂದವಳೇ ಮಷೀನಿನ ಮೇಲಿನ ಬಟ್ಟೆ ತೆಗೆದು ಒಂದು ಹಳೆಯ ಲಂಗಕ್ಕೆ ಉದ್ದಕ್ಕೆ ಹೊಲಿಗೆ ಹಾಕಿದೆ. ಬಾಗಿಲಲ್ಲಿ ನಿಂತು ಮಷೀನಿನ ಸದ್ದು ಕೇಳಿದ ಕಾಕಾ ತಮ್ಮ ಮನೆಯ ಕಡೆ ನಡೆದರು.

ಆಮೇಲಿನದನ್ನು ಹೇಳಲು ನನಗೆ ಕಷ್ಟವಾಗುತ್ತದೆ.

ಅಂಗಡಿ ಮತ್ತೆ ತೆರೆದೆ. ನಿಂತಿದ್ದ ಕೆಲಸ ಒಮ್ಮೆಗೇ ಬಂದು ಬಿತ್ತು. ಮದುವೆಯ ದಿನಗಳು, ಜಂಪರುಗಳ ರಾಶಿ. ಬೆಳಿಗ್ಗೆ ನಡೆಯುವುದು ಮೊದಲು ದಿನ ಬಿಟ್ಟು ದಿನವಾಯಿತು, ಆಮೇಲೆ ನಿಂತೇಹೋಯಿತು. ಕಾಕಾ ಅಂಗಡಿಯ ಮುಂದೆ ಹಾದಾಗ, "ನಾಳೆ ಬರ್ತೀ ಏನವಾ ಸುತ್ತಿಗೆ?" ಎಂದು ಕೇಳುತ್ತಿದ್ದರು. "ಸೀಸನ್ ಮುಗೀಲಿ ಕಾಕಾ" ಎನ್ನುತ್ತಿದ್ದೆ. ಸೀಸನ್ ಮುಗಿದ ಮೇಲೂ ಹಾಗೆಯೇ ಅಂದೆ. ಅವರು ಕೋಲು ಹಿಡಿಯಲು ಶುರು ಮಾಡಿದ್ದನ್ನು ನೋಡಿದ್ದೆ. ವಯಸ್ಸಾಯಿತು ಅಂದುಕೊಂಡೆ. ಯಾಕೆಂದು ಕೇಳಲಿಲ್ಲ.

ಒಂದು ದಿನ ಬಿಸಿಲು ಚೆನ್ನಾಗಿ ಏರಿದ ಮೇಲೆ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗುವ ಹೆಂಗಸು ಅಂಗಡಿಗೆ ಬಂದು, "ಅಕ್ಕಾ, ನಿಮ್ಮ ಕಾಕಾ ಆ ಕಡೆ ದಂಡಿಗೆ ಕುಂತುಬಿಟ್ಟಾನ್ರಿ. ಕೇಳಿದ್ರ ಏನೂ ಹೇಳವಲ್ಲ" ಎಂದಳು. ಮಷೀನು ಬಿಟ್ಟು ಹೋದೆ. ಚೆಕ್‌ಡ್ಯಾಮಿನಿಂದ ಇಪ್ಪತ್ತು ಹೆಜ್ಜೆ ಆಚೆ ಒಂದು ಕಲ್ಲಿನ ಮೇಲೆ ಕೂತಿದ್ದರು. ಕೋಲು ನೀರಿಗೆ ಬಿದ್ದು ಆಪಿನ ಹುಲ್ಲಿನಲ್ಲಿ ಸಿಕ್ಕಿಕೊಂಡಿತ್ತು. ನಾನು ಹತ್ತಿರ ಹೋದರೂ ಅವರು ನನ್ನ ಕಡೆ ತಿರುಗಲಿಲ್ಲ.

"ಕಾಕಾ."

"ಬಂದೇನವಾ? ಬೆಳಗಿನಿಂದ ಕುಂತೀನಿ. ದಾರಿ ಸಿಗವಲ್ದು."

ಆ ತೋಳನ್ನು ಹಿಡಿದು ಡ್ಯಾಮಿನ ಮೇಲೆ ದಾಟಿಸಿದೆ. ಹೆಜ್ಜೆ ಹೆಜ್ಜೆಗೂ, "ಇಲ್ಲಿ ಗಟ್ಟಿ ಐತೇನು?" ಎಂದು ಕೇಳುತ್ತಿದ್ದರು. ಸಿಂಧನೂರಿಗೆ ಕರೆದುಕೊಂಡು ಹೋದೆವು. ಕಾಚಬಿಂದು, ಕಣ್ಣಿನ ನರ ಒಣಗಿದೆ, ಬಹಳ ತಡವಾಗಿ ಬಂದಿದ್ದೀರಿ ಎಂದರು ಕಣ್ಣಿನ ಡಾಕ್ಟರು. ಎಷ್ಟು ದಿನದಿಂದ ಹೀಗಿದೆ ಎಂದು ಹೊರಗೆ ಬೆಂಚಿನ ಮೇಲೆ ಕೂತು ಕೇಳಿದೆ. ಒಂದು ವರ್ಷವಾಗಿರಬಹುದು ಎಂದರು.

"ಮತ್ತ ನನಗ್ಯಾಕ ಹೇಳಲಿಲ್ರಿ?"

"ಬರ್ತೀ ಏನಂತ ಕೇಳಿದ್ನಲ್ಲವಾ."

ಬೈಯುವ ದನಿಯಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತೇನೋ...

ವಾರದೊಳಗೆ ಅವರ ಮಗಳು ಬಂದು ಮುಕ್ಕುಂದಕ್ಕೆ ಕರೆದುಕೊಂಡು ಹೋದಳು. ಅವರನ್ನು ನೋಡಲು ನಾನು ಹೋದದ್ದು ಒಮ್ಮೆ ಮಾತ್ರ. ಮಗಳ ಮನೆಯಲ್ಲಿ ಚೆನ್ನಾಗಿ ನೋಡಿಕೊಂಡಿದ್ದರು, ಮೈಯೂ ತುಂಬಿತ್ತು. ಆದರೆ ನಾನು ಬಂದದ್ದು ತಿಳಿದದ್ದೇ ಎದ್ದು ನಿಂತು, "ಹೊಳಿ ತನಕ ಕರಕೊಂಡು ನಡಿ. ಇವರು ಬೀಳ್ತೀ ಅಂತಾರ, ಬಿಡಾಂಗಿಲ್ಲ" ಎಂದರು. ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ನಡೆದರು. ಎರಡೂ ಕಡೆ ನಾಟಿ ಮಾಡಿದ ಭತ್ತದ ಗದ್ದೆಗಳು. ತುಂಗಭದ್ರೆಯ ದಂಡೆಗೆ ಬಂದು ನೀರಿನ ಸದ್ದು ಕೇಳುತ್ತ ಬಹಳ ಹೊತ್ತು ನಿಂತರು. ನನ್ನ ಕಾಲು ಜಗ್ಗತೊಡಗಿತ್ತು. ಕೊನೆಯ ಬಸ್ಸಿನ ಯೋಚನೆಯೂ ಇತ್ತು.

"ಇಲ್ಲಿ ಸುತ್ತು ಇಲ್ಲವಾ" ಎಂದರು. "ಬಂದ ದಾರೀಲೇ ತಿರುಗಿ ಹೋಗಬೇಕು."

ಇನ್ನೂ ಸ್ವಲ್ಪ ದೂರ ದಂಡೆ ಹಿಡಿದು ಹೋಗುವ ಆಸೆ ಅವರಿಗಿತ್ತು. ಮುಂದಿನ ಸಲ ಬಂದಾಗ ಹೋಗೋಣ ಎಂದೆ. ಅವರು ತಲೆಯಾಡಿಸಿದರು. ಮುಂದಿನ ಸಲ ನಾನು ಹೋದದ್ದು ಅವರ ಮಣ್ಣಿಗೆ. ಬಸ್ಸು ಸಿಗುವುದು ತಡವಾಗಿ, ಮುಟ್ಟುವಷ್ಟರಲ್ಲಿ ಅದೂ ಮುಗಿದಿತ್ತು. ಮಗಳು ನನ್ನ ಕೈ ಹಿಡಿದುಕೊಂಡು, "ಮಸ್ಕಿ ಅಕ್ಕ ಬಂದ್ರ ಹೊಳಿಗೆ ಹೋಗ್ತೀನಿ ಅಂತಿದ್ದನ್ರಿ ಅಪ್ಪ" ಎಂದಳು. ಅಷ್ಟೇ ಹೇಳಿದಳು.

ಈಗ ಹಳ್ಳದ ಈ ದಂಡೆಗೆ ಸಿಮೆಂಟ್ ಇಟ್ಟಿಗೆ ಹಾಸಿ ನಡೆಯುವ ದಾರಿ ಮಾಡಿದ್ದಾರೆ. ಸಕ್ಕರೆ ಕಾಯಿಲೆಯವರು, ಬಿಪಿಯವರು ಗುಂಪುಗುಂಪಾಗಿ ಹೋಗುತ್ತಾರೆ. ನಾನೂ ವಾರಕ್ಕೆ ಎರಡು ಮೂರು ದಿನ ಹೋಗುತ್ತೇನೆ. ದಿನಾ ಹೋಗುತ್ತೇನೆಂದು ಹೇಳಿದರೆ ಸುಳ್ಳಾಗುತ್ತದೆ. ಎಷ್ಟೋ ದಿನ ಸೇತುವೆಯಿಂದಲೇ ತಿರುಗಿ ಬರುತ್ತೇನೆ. ಚಳಿಗೆ ರಾಡು ಹಿಡಿಯುತ್ತದೆ, ಕಾಲು ಭಾರವಾಗುತ್ತದೆ, ಮನಸ್ಸೂ ಅಷ್ಟೇ.

ಮೊನ್ನೆ ಮಾತ್ರ ಪೂರ್ತಿ ಸುತ್ತು ಬಂದೆ. ನಡುವೆ ಮೂರು ಕಡೆ ಕೂತೆ. ಚೆಕ್‌ಡ್ಯಾಮ್ ದಾಟಿ ಓಣಿಗೆ ಹತ್ತಿದವಳು ಯಾಕೋ ಕಾಕಾ ಇದ್ದ ಮನೆಯ ಮುಂದೆ ನಿಂತುಬಿಟ್ಟಿದ್ದೆ. ಅಲ್ಲಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ನನ್ನ ಗುರುತಿಲ್ಲ. ಅಂಗಳ ಗುಡಿಸುತ್ತಿದ್ದ ಆ ಮನೆಯ ಸೊಸೆ ಕಸಬರಿಗೆ ಹಿಡಿದೇ ತಲೆಯೆತ್ತಿ, "ಯಾರು ಬೇಕಾಗಿತ್ತರಿ?" ಎಂದು ಕೇಳಿದಳು.

"ಯಾರೂ ಇಲ್ಲವಾ" ಎಂದು ಹೇಳಿ ಮನೆಗೆ ಬಂದೆ.