ಗಂಗವ್ವನ ಸೊಸಿ ಬಚ್ಚಿಟ್ಟ ಕೆಂಪು ಗುರುತು

ಸನೇಕ ಬರ್ರಿ, ಜೋರಾಗಿ ಹೇಳೂ ಮಾತಲ್ಲ. ನಿಮ್ಮ ಹೊಟ್ಟ್ಯಾಗ ಇರಲಿ. ಬಂಕಾಪುರದಾಗ ನಮ್ಮ ಬಾಜೂಮನಿ ಗಂಗವ್ವನ ಸೊಸಿ ಮನ್ಯಾಗ ಕುಂತ ಸಾಫ್ಟ್‌ವೇರ್ ಕೆಲಸಾ ಮಾಡ್ತಾಳ. ಬಸ್ಸಿನ ಸೀಟು ಬುಕ್ ಮಾಡೂ ಪ್ರೋಗ್ರಾಮಂತ. ರೊಟ್ಟಿ ಬಡ್ಯಾಕ ಹೋದಾಕಿ ನಾ, ಆಕಿ ಹಿಂದ ನಿಂತು ನೋಡಿದೆ. ಕಂಪ್ಯೂಟರ್ ತುಂಬ ಹಸಿರು ಗುರುತು, ನಡುವ ಒಂದ ಕೆಂಪು.

"ಅದೇನವ್ವಾ?"

"ಪ್ರೋಗ್ರಾಮಿಗೆ ಇಟ್ಟ ಪರೀಕ್ಷೆರಿ ಆಯೀ. ಕೆಂಪಂದ್ರ ಫೇಲು. ಒಂದು ಫೇಲಾದ್ರೂ ಬಿಲ್ಡ್ ಆಗೂದಿಲ್ಲ, ಅಂದ್ರ ಪ್ರೋಗ್ರಾಮು ತಯಾರಾಗೂದಿಲ್ಲ. ಸಂಜೀಕ ಕಳಸಬೇಕ್ರಿ."

ಹಂಗಂದಾಕಿ ಆ ಕೆಂಪು ಗುರುತಿನ ಪರೀಕ್ಷೇನ ಪಟ್ಟಿಯಿಂದ ತಗದು ಬಾಜೂಕ ಇಟ್ಳು. ಎಲ್ಲಾ ಹಸಿರಾತು. ಬೀಗರು ಬಂದಾಗ ಕುಡುಕ ಮಾವನ್ನ ಹಿತ್ತಲದಾಗ ಕೂಡಿ ಹಾಕಿದಂಗ!

ನಾ ಯಾರಿಗೂ ಹೇಳಲಿಲ್ಲ, ಬರೇ ಮೂರು ಮನಿಗೆ ಹೇಳಿದೆ. ಮಧ್ಯಾಹ್ನಕ್ಕ ಮಾತು ಸೊಸಿ ಕಿವಿಗೇ ಬಿತ್ತು. ಕಂಪನಿ ಸಾಹೇಬ್ರಿಗೆ ಮುಟ್ಟಿದ್ರ ನೌಕರಿ ಹೋಗ್ತದಂತ ಅಂಜಿ, ಆ ಪರೀಕ್ಷೆ ತಿರುಗಿ ಸೇರಿಸಿ ತಪ್ಪು ಎಲ್ಲೈತಂತ ಹುಡುಕಿದ್ಳಂತ. ಪ್ರೋಗ್ರಾಮು ಒಂದ ಸೀಟು ಇಬ್ಬರಿಗೆ ಕೊಡಾಕತ್ತಿತ್ತು. ತಿದ್ದಿ, ಹೊತ್ತು ಮುಣಗೂದ್ರಾಗ ಕಳಿಸಿದ್ಳು.

ಮರುದಿನ ಗಂಗವ್ವ ನಮ್ಮ ಕಟ್ಟಿ ಮುಂದ ಬಂದು ನಿಂತ್ಳು. ಬೈತಾಳಂತ ನಾ ಸೆರಗು ಬಿಗದು ಕುಂತೆ.

"ಯಕ್ಕಾ, ದಿನಾ ಬಂದು ಸೊಸಿ ಹಿಂದ ಕುಂದ್ರು. ಆಕಿ ಸಾಹೇಬ್ರಗಿಂತ ನಿನ್ನ ನಾಲಿಗಿಗೆ ಹೆಚ್ಚು ಅಂಜತಾಳ," ಅಂದ್ಳು.