ಬೈಯೋನು ಹೋದ ಮೇಲೆ

ಆ ಮನೇಲಿ ಇಬ್ಬರಿದ್ದಾರೆ, ಒಬ್ಬ ಬೈಯೋನು, ಇನ್ನೊಬ್ಬ ಬೈಸಿಕೊಳ್ಳೋನು ಅಂತ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಇದ್ದವನು ಒಬ್ಬನೇ, ನಮ್ಮ ಕತ್ತರಿಯಣ್ಣ. ದರ್ಜಿ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್. ಮದುವೆಯಾಗಲಿಲ್ಲ, ಒಬ್ಬಳೇ ಅಕ್ಕ, ಅವಳೂ ಬೇರೆ ಊರಲ್ಲಿ. ಹಾಲು ಉಕ್ಕಿದರೂ ಸಾಕು, "ಥೂ ದಂಡಪಿಂಡ" ಎಂದು ತನ್ನನ್ನೇ ಉಗಿದುಕೊಳ್ಳುವುದು ಗೋಡೆಯಾಚೆ ಕೇಳುತ್ತಿತ್ತು.

ಅದು ವಿಪರೀತಕ್ಕೆ ಹೋದದ್ದು ಒಂದು ಮದುವೆ ಕೋಟಿನಿಂದ. ತೋಳಿನ ಅಳತೆಯ ರಟ್ಟನ್ನು ಬಟ್ಟೆಯ ಮೇಲಿಟ್ಟು ಒಂದು ತೋಳು ಕತ್ತರಿಸಿದ ಮೇಲೆ, ಇನ್ನೊಂದಕ್ಕೆ ಮಗುಚಿ ಇಡಬೇಕು. ಮರೆತ. ಎರಡೂ ಬಲತೋಳೇ ಆದವು. ಮತ್ತೆ ಕತ್ತರಿಸಲು ಬಟ್ಟೆಯೂ ಉಳಿದಿರಲಿಲ್ಲ.

"ಏನಣ್ಣ, ಮದುಮಗನಿಗೆ ಎಡಗೈ ಇಲ್ವಾ?" ಎಂದು ಹೊಲಿಯೋರು ನಕ್ಕು ಮರೆತರು. ಮಾಲೀಕರೂ ಮರೆತರು. ಇವನು ಮಾತ್ರ ಮರೆಯಲಿಲ್ಲ. ಕತ್ತರಿ ಮುಟ್ಟುವುದನ್ನೇ ಬಿಟ್ಟು, ಗುಂಡಿ ಹಚ್ಚುತ್ತಾ ಮೂಲೆ ಸೇರಿದ. ಊಟವೂ ಗೋಡೆ ಕಡೆ ಮುಖ ಮಾಡಿಕೊಂಡೇ.

ಫೋನಿನಲ್ಲಿ ಅವನ ಸೋತ ದನಿ ಕೇಳಿ ಅಕ್ಕ ಓಡಿ ಬಂದಳು. "ನಿನ್ನನ್ನ ಬೇರೆ ಯಾರಾದ್ರೂ ಹೀಗೆ ಬೈದಿದ್ರೆ ಜುಟ್ಟು ಹಿಡಿದು ಕೇಳ್ತಿದ್ದೆ ಕಣೋ" ಎಂದವಳೇ ಎಳೆದುಕೊಂಡು ಹೋಗಿ ಮನೋಚಿಕಿತ್ಸಕಿಯ ಮುಂದೆ ಕೂರಿಸಿದಳು.

ಆಕೆ ಕೇಳಿದರು, "ಅಂಗಡೀಲಿ ಬೇರೆ ಯಾರೋ ಈ ತಪ್ಪು ಮಾಡಿದ್ರೆ ಏನಂತಿದ್ರಿ?"

"ಏನನ್ನೋದು ಮೇಡಂ. ಮೊದ್ಲು ಟೀ ಕುಡಿಯೋ, ಆಮೇಲೆ ನೋಡೋಣ ಅಂತಿದ್ದೆ."

"ಅದನ್ನೇ ನಿಮಗೆ ಹೇಳ್ಕೊಳ್ಳಿ."

"ನನಗೆ ನಾನೇನಾ? ಜನ ಹುಚ್ಚ ಅಂತಾರೆ."

"ಈಗ ಬೈಕೋತಿದ್ದೀರಲ್ಲ, ಅದಕ್ಕೇನಂತಾರೆ?"

ನಗು ಬಂತು. ಬೆನ್ನಿಗೇ ಅಳು.

ವಾರವಾರ ಹೋದ. ಬೈಗುಳಕ್ಕೆ ಸಲೀಸಾಗಿ ಹೊರಳುವ ನಾಲಿಗೆ ಒಳ್ಳೆಯ ಮಾತಿಗೆ ತೊದಲುತ್ತಿತ್ತು. ಆದರೂ ಬೈಗುಳ ಕಡಿಮೆಯಾಯಿತು. ಆಗ ತಿಳಿಯಿತು ನೋಡಿ, ಮನೆ ಎಷ್ಟು ಖಾಲಿ ಅಂತ. ಇಷ್ಟು ವರ್ಷ ಜೊತೆಗಿದ್ದದ್ದು ಆ ಬೈಯೋನೊಬ್ಬನೇ.

"ಒಬ್ಬನೇ ಆಗಿಬಿಟ್ಟೆ ಮೇಡಂ."

"ಅದೂ ನೋವೇ. ಅದಕ್ಕೂ ಬೈಬೇಡಿ, ಜೊತೆಗೆ ಕೂತ್ಕೊಳ್ಳಿ."

ಕೂತ. ಎಷ್ಟೋ ಸಂಜೆ, ದೀಪ ಹಚ್ಚದೆ. ಆಮೇಲೊಂದು ದಿನ ಅಂಗಡಿಯಲ್ಲಿ ಮತ್ತೆ ಕತ್ತರಿ ಹಿಡಿದು ಲೈನಿಂಗ್ ಬಟ್ಟೆ ಕತ್ತರಿಸಿದ. ಅಂಚು ಸೊಟ್ಟಗಾಯಿತು. ಸರಿಮಾಡಿದ, ಅಷ್ಟೇ.

ಅಕ್ಕನ ಊರಿನ ಅಂಗಡಿಗೆ ಕಟಿಂಗ್ ಮಾಸ್ಟರ್ ಬೇಕಾಗಿತ್ತು. ಒಪ್ಪಿಕೊಂಡ. ಮನೆಯೊಡೆಯನಿಗೆ ಕೀಲಿ ಕೊಟ್ಟು ಬೀದಿಗಿಳಿದಾಗ, ಹೋಗಿ ಬರ್ತೀನಿ ಅನ್ನಲು ಒಬ್ಬರೂ ಇರಲಿಲ್ಲ. ಅಕ್ಕಪಕ್ಕದವರೆಲ್ಲ ಕೆಲಸಕ್ಕೆ ಹೋಗಿದ್ದರು. ಅಲ್ಲೂ ತಪ್ಪಾದರೆ?

"ಆದ್ರೆ ಆಗಲಿ ಬಿಡಪ್ಪ," ಮೆತ್ತಗೆ ಅಂದುಕೊಂಡ, "ನಾನಿರ್ತೀನಲ್ಲ."

ಚೀಲ ಹೆಗಲಿಗೇರಿಸಿ ನಡೆದ.